ಮುಂಗೈಯಿಂದ ಶುರುವಾಗುವ ಕವಚ

ಐರನ್ ಮ್ಯಾನ್ ಕವಚವನ್ನು ಮನೆಯಲ್ಲೇ ಕಟ್ಟಿ ತೊಡಬೇಕು ಎಂದು ಆಸೆಪಟ್ಟು ಬರುವವರು ಮೊದಲು ಕೇಳುವುದು ಹೆಲ್ಮೆಟ್ಟಿನ ಬಗ್ಗೆ. ಮುಖದ ಭಾಗ ತಾನಾಗಿ ಮೇಲೇಳಬೇಕು, ಕಣ್ಣು ಹೊಳೆಯಬೇಕು, ಎದೆಯಲ್ಲಿ ದೀಪ ಉರಿಯಬೇಕು. ಆಸೆ ಒಳ್ಳೆಯದೇ. ಆದರೂ ಹೊಸಬರಿಗೆಲ್ಲ ನಾನು ಹೇಳುವ ಮೊದಲ ಕೆಲಸ ಒಂದೇ: ಎಡಗೈಗೆ, ಮಣಿಕಟ್ಟಿನಿಂದ ಮೊಣಕೈಯ ಕೆಳಗಿನವರೆಗೆ, ಒಂದು ಮುಂಗೈ ಕವಚ ಮಾಡಿ. ಅದನ್ನು ತೊಟ್ಟುಕೊಂಡು ಒಂದು ಗಂಟೆ ಮನೆಯಲ್ಲಿ ಓಡಾಡಿ. ನೀರು ಕುಡಿಯಿರಿ, ಫೋನ್ ಎತ್ತಿ ಮಾತಾಡಿ, ಬಾಗಿಲ ಚಿಲಕ ತೆಗೆಯಿರಿ. ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ, ಎಲ್ಲಿ ಬೆವರು ನಿಲ್ಲುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಅಳತೆ, ಕತ್ತರಿಸುವುದು, ಅಂಟಿಸುವುದು, ಕಾಯಿಸಿ ಬಗ್ಗಿಸುವುದು, ಬಣ್ಣ, ಪಟ್ಟಿ ಕಟ್ಟುವುದು, ಪೂರ್ತಿ ಕವಚಕ್ಕೆ ಬೇಕಾದ ಎಲ್ಲ ಕೆಲಸವೂ ಆ ಒಂದು ತುಂಡಿನಲ್ಲಿದೆ. ಕೆಟ್ಟರೆ ಹೋಗುವುದು ಒಂದು ಫೋಮ್ ಹಾಳೆಯ ಮೂಲೆ ಮಾತ್ರ. ಇನ್ನೂ ಮುಖ್ಯವಾದ ಕಾರಣವೊಂದಿದೆ. ಕವಚವನ್ನು ಗೋಡೆಗೆ ನೇತುಹಾಕಲು ಕಟ್ಟುತ್ತಿಲ್ಲ, ಮೈಮೇಲೆ ಹೊತ್ತು ಐದಾರು ಗಂಟೆ ಜನರ ನಡುವೆ ಇರಲು ಕಟ್ಟುತ್ತಿದ್ದೀರಿ. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ: ಮೊದಲು ಮೈ, ಆಮೇಲೆ ಕವಚ. ಕೂರಲು, ಏಳಲು, ಉಸಿರಾಡಲು, ನೀರು ಕುಡಿಯಲು ಬಾರದ ಕವಚ ಎಷ್ಟು ಚಂದವಿದ್ದರೂ ಅರ್ಧ ಕೆಲಸ.

ನೆಚ್ಚಿನ ಪಾತ್ರದ ವೇಷ ತೊಟ್ಟು ಸಮಾವೇಶಗಳಿಗೆ ಹೋಗುವ ಈ ಹವ್ಯಾಸವನ್ನು ಇಂದು ಜಗತ್ತೆಲ್ಲ ಕಾಸ್‌ಪ್ಲೇ ಎಂದು ಕರೆಯುತ್ತದೆ. ಇದರ ಬೇರು ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಥಾ ಸಮಾವೇಶಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಅಭಿಮಾನಿಗಳು ಭವಿಷ್ಯದ ಕಾಲದವರ ಉಡುಪು ತೊಟ್ಟು ಬಂದಿದ್ದರು. 1936ರ ‘ಥಿಂಗ್ಸ್ ಟು ಕಮ್’ ಸಿನಿಮಾ ನೋಡಿ ರೂಪಿಸಿದ ಉಡುಪು ಅದು. ಇಬ್ಬರದನ್ನೂ ತಯಾರಿಸಿದವರು ಮರ್ಟಲ್. ಆಕೆಯ ಹೆಸರನ್ನು ಹೊಸಬರು ನೆನಪಿಡಬೇಕು ಎಂಬುದು ನನ್ನ ಆಸೆ, ಏಕೆಂದರೆ ಈ ಹವ್ಯಾಸ ಕೊಂಡು ತಂದ ಉಡುಪಿನಿಂದ ಶುರುವಾಗಲಿಲ್ಲ, ಒಬ್ಬ ಹೆಣ್ಣುಮಗಳ ಕೈಕೆಲಸದಿಂದ ಶುರುವಾಯಿತು. ನಮ್ಮಲ್ಲಿ ಕಾಮಿಕ್ ಕಾನ್ 2011ರಲ್ಲಿ ದೆಹಲಿಯಲ್ಲಿ ನಡೆದು, ಮರುವರ್ಷವೇ ಬೆಂಗಳೂರಿಗೆ ಬಂತು. ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಆರಂಭವಾಗಿ, ಮುಂದೆ ಹಲವು ವರ್ಷ ವೈಟ್‌ಫೀಲ್ಡಿನ ಕೆಟಿಪಿಒ ಆವರಣದಲ್ಲಿ ನಡೆಯಿತು. ಅಲ್ಲಿಗೆ ವೇಷ ತೊಟ್ಟು ಬರುವವರಲ್ಲಿ ಮನೆಯಲ್ಲೇ ಕಟ್ಟಿಕೊಂಡವರು ಬಹಳ ಮಂದಿ.

ಪಾತ್ರದ ಆಯ್ಕೆಯ ಬಗ್ಗೆ ಒಂದು ಮಾತು. ಐರನ್ ಮ್ಯಾನ್ ಎಂದರೆ ಕೆಂಪು-ಬಂಗಾರದ ಮಿರುಗು ಎಂದೇ ಎಲ್ಲರ ಮನಸ್ಸಿನಲ್ಲಿದೆ. ಆದರೆ 1963ರ ಮಾರ್ಚ್ ತಿಂಗಳ ‘ಟೇಲ್ಸ್ ಆಫ್ ಸಸ್ಪೆನ್ಸ್’ 39ನೇ ಸಂಚಿಕೆಯಲ್ಲಿ ಅವನು ಮೊದಲು ಕಾಣಿಸಿಕೊಂಡಾಗ ಕವಚ ಬೂದು ಬಣ್ಣದ್ದು, ದಪ್ಪಗೆ, ದೊಗಳೆಯಾಗಿತ್ತು. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಬಂಗಾರದ ಬಣ್ಣ ಬಂತು. ಕೆಂಪು-ಬಂಗಾರದ ತೆಳುವಾದ ಕವಚವನ್ನು ಅದೇ ವರ್ಷದ ಕೊನೆಗೆ ಚಿತ್ರಿಸಿದವರು ಸ್ಟೀವ್ ಡಿಟ್ಕೊ. 2008ರ ಸಿನಿಮಾದಲ್ಲಿ ಐರನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್ ಗುಹೆಯೊಳಗೆ ಗುಜರಿ ಕಬ್ಬಿಣದಿಂದ ಬಡಿದು ಮಾಡುವ ಮಾರ್ಕ್ 1 ಕವಚವೂ ಇದೆ. ಹೊಸಬರಿಗೆ ನಾನು ಸೂಚಿಸುವುದು ಅದನ್ನೇ. ಅದರಲ್ಲಿ ವೆಲ್ಡಿಂಗ್ ಗುರುತು, ತುಕ್ಕು, ಅಂಕುಡೊಂಕು ತಗಡು ಎಲ್ಲವೂ ಸಹಜ. ನಿಮ್ಮ ಬ್ಲೇಡು ಸ್ವಲ್ಪ ವಾಲಿ ಗೆರೆ ಡೊಂಕಾದರೂ ಅದು ಕವಚದ ರೂಪಕ್ಕೇ ಹೊಂದಿಕೊಳ್ಳುತ್ತದೆ. ಅದೇ ಸಿನಿಮಾದ, ಕಾರಿನ ಮೈಯಂತೆ ಮಿನುಗುವ ಮಾರ್ಕ್ 3 ಒಂದು ಕೂದಲೆಳೆಯ ಸೀಳನ್ನೂ ಮರೆಸುವುದಿಲ್ಲ. ಮನಸ್ಸು ಮಾರ್ಕ್ 3ರ ಮೇಲೇ ಇದ್ದರೆ ಅದನ್ನೇ ಮಾಡಿ, ಬೇಡವೆನ್ನಲಾರೆ. ಸಮಯ ಮಾತ್ರ ಹೆಚ್ಚು ಇಟ್ಟುಕೊಳ್ಳಿ.

ಇನ್ನು ಸಾಮಗ್ರಿ. ಮನೆಯಲ್ಲಿ ಕಟ್ಟುವ ಕವಚಕ್ಕೆ ಇವಿಎ ಫೋಮ್‌ಗಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ. ಇದು ಅಪರೂಪದ್ದೇನೂ ಅಲ್ಲ. ಚಪ್ಪಲಿ, ಬೂಟುಗಳ ಅಟ್ಟೆಗೆ ಬಳಸುವುದು ಇದನ್ನೇ, ಮಕ್ಕಳು ಆಡಲೆಂದು ನೆಲಕ್ಕೆ ಹಾಸುವ, ಹಲ್ಲು ಹಲ್ಲಾಗಿ ಜೋಡಿಸುವ ಮ್ಯಾಟುಗಳೂ ಇದರವೇ. ಹಗುರ, ಅಗ್ಗ, ಬ್ಲೇಡಿಗೆ ಸುಲಭವಾಗಿ ಬಗ್ಗುತ್ತದೆ, ಕಾಯಿಸಿದರೆ ಹೇಳಿದ ರೂಪಕ್ಕೆ ಬರುತ್ತದೆ, ಯಾರಾದರೂ ಡಿಕ್ಕಿ ಹೊಡೆದರೆ ಅವರಿಗೂ ನೋವಾಗುವುದಿಲ್ಲ. ಎದೆ, ಬೆನ್ನು, ತೊಡೆಯ ದೊಡ್ಡ ಭಾಗಗಳಿಗೆ 10 ಮಿ.ಮೀ. ದಪ್ಪದ್ದು, ಮುಂಗೈ ಮತ್ತು ಹೆಲ್ಮೆಟ್ಟಿಗೆ 5 ಅಥವಾ 6 ಮಿ.ಮೀ., ಮೇಲಿನ ಅಲಂಕಾರದ ಪಟ್ಟಿಗಳಿಗೆ 2 ಮಿ.ಮೀ. ಸಾಕು. ಕೊಳ್ಳುವಾಗ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿದರೆ ಅದು ತೀರಾ ಮೆತ್ತನೆಯದು, ಬೇಡ. ಒತ್ತಿದ್ದು ತಕ್ಷಣ ಮೇಲೇಳಬೇಕು.

ತ್ರೀಡಿ ಪ್ರಿಂಟರ್ ಇದ್ದವರು ಪಿಎಲ್ಎ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕುತ್ತಾರೆ. ನಯವಾಗಿ ಬರುತ್ತದೆ ನಿಜ, ಆದರೆ ಗಟ್ಟಿ, ಭಾರ, ಬಿದ್ದರೆ ಬಿರುಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟ ಹೆಲ್ಮೆಟ್ ವಕ್ರವಾಗುವುದು ಹಾಗೇ. ಹೆಲ್ಮೆಟ್ ಒಂದನ್ನು ಪ್ರಿಂಟ್ ಮಾಡಿಸಿ ಉಳಿದದ್ದನ್ನು ಫೋಮಿನಲ್ಲಿ ಕಟ್ಟುವವರೂ ಇದ್ದಾರೆ. ಅದು ಒಳ್ಳೆಯ ಹಂಚಿಕೆ.

ಕಬ್ಬಿಣದ ತಗಡಿನಲ್ಲೇ ಮಾಡಬಾರದೇಕೆ ಎಂದು ಕೇಳುವವರಿಗೆ ನಾನು ಯಕ್ಷಗಾನದವರು ವೇಷ ಕಟ್ಟುವ ಚೌಕಿಯನ್ನು ನೆನಪಿಸುತ್ತೇನೆ. ರಾಜವೇಷದ ಕಿರೀಟ, ಭುಜಕೀರ್ತಿ, ಎದೆಕಟ್ಟು ದೂರಕ್ಕೆ ಅಪ್ಪಟ ಬಂಗಾರದಂತೆ ಕಾಣುತ್ತವೆ. ಹತ್ತಿರ ಹೋದರೆ ಹಗುರ ಮರದ ಮೇಲೆ ಅಂಟಿಸಿದ ಬೇಗಡೆ. ಬೆಳಗಿನವರೆಗೆ ಕುಣಿಯಬೇಕಾದವರು ಭಾರ ಹೊರಲಾರರು ಎಂಬುದು ಅದನ್ನು ಮಾಡಿದ ಕೈಗಳಿಗೆ ಗೊತ್ತಿತ್ತು. ನಾವು ಫೋಮಿನಲ್ಲಿ ಮಾಡುತ್ತಿರುವುದೂ ಅದನ್ನೇ.

ಅಳತೆಗೆ ಬರೋಣ. ಹೊಸಬರ ಕವಚಗಳು ಕೆಡುವುದು ಹೆಚ್ಚಾಗಿ ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕಾಗದದ ಪ್ಯಾಟರ್ನ್ ಪಡೆಯಲು ಎರಡು ದಾರಿ. ಒಂದು, ಪೆಪಾಕುರ ಡಿಸೈನರ್ ಎಂಬ ಜಪಾನಿನ ತಂತ್ರಾಂಶ. ಕಂಪ್ಯೂಟರಿನಲ್ಲಿರುವ ಮೂರು ಆಯಾಮದ ಮಾದರಿಯನ್ನು ಅದು ಚಪ್ಪಟೆ ತುಂಡುಗಳಾಗಿ ಬಿಡಿಸಿ ಎ4 ಹಾಳೆಗಳಲ್ಲಿ ಮುದ್ರಿಸಲು ಕೊಡುತ್ತದೆ. ಇನ್ನೊಂದು, ನಿಮ್ಮ ಮೈಯಿಂದಲೇ ಪ್ಯಾಟರ್ನ್ ತೆಗೆಯುವುದು. ತಿಂಡಿ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮುಂಗೈಗೆ ಸುತ್ತಿ, ಅದರ ಮೇಲೆ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪನ್ನು ಎರಡು ಪದರ ಬಿಗಿಯದಂತೆ ಅಂಟಿಸಿ, ಪೆನ್ನಿನಲ್ಲಿ ಕವಚದ ಗೆರೆಗಳನ್ನು ಅದರ ಮೇಲೇ ಬರೆಯಿರಿ. ಆಮೇಲೆ ಮತ್ತೊಬ್ಬರು ಮೊಂಡು ತುದಿಯ ಕತ್ತರಿಯಿಂದ ಆ ಗೆರೆಗುಂಟ ಜೋಪಾನವಾಗಿ ಕತ್ತರಿಸಿದರೆ, ಕೈಯ ಆಕಾರ ಚಪ್ಪಟೆಯಾಗಿ ಮೇಜಿನ ಮೇಲೆ ಬರುತ್ತದೆ. ನನ್ನ ಒಲವು ಇದರ ಕಡೆಗೇ. ಪ್ರಿಂಟ್ ಮಾಡಿದ ಪ್ಯಾಟರ್ನನ್ನು ಬರೀ ಎತ್ತರದ ಲೆಕ್ಕದಲ್ಲಿ ಹಿಗ್ಗಿಸಿ ಕುಗ್ಗಿಸಿದರೆ ಕೈ ದಪ್ಪ ಇರುವವರಿಗೂ ಸಣ್ಣ ಇರುವವರಿಗೂ ಒಂದೇ ಅಳತೆ ಸಿಗುತ್ತದೆ. ಟೇಪು ನಿಮ್ಮ ಕೈಯನ್ನೇ ಅಳೆಯುತ್ತದೆ.

ಇಲ್ಲೊಂದು ಸಣ್ಣ ಲೆಕ್ಕವಿದೆ, ಹೇಳಿಕೊಡದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಕಾಗದಕ್ಕೆ ದಪ್ಪವಿಲ್ಲ, ಫೋಮಿಗೆ ಇದೆ. 5 ಮಿ.ಮೀ. ಫೋಮನ್ನು ಸುತ್ತಿ ಬಳೆಯಾಗಿಸಿದರೆ ಒಳಸುತ್ತಿಗೂ ಹೊರಸುತ್ತಿಗೂ 3 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚೇ ವ್ಯತ್ಯಾಸ ಬರುತ್ತದೆ. ನಿಮ್ಮ ಮುಂಗೈಯ ದಪ್ಪನೆಯ ಜಾಗದ ಸುತ್ತಳತೆ 26 ಸೆಂ.ಮೀ. ಎಂದುಕೊಳ್ಳಿ. ಒಳಗಿನ ಬಟ್ಟೆಗೂ ಗಾಳಿಗೂ 2 ಸೆಂ.ಮೀ. ಬಿಡಿ, 28 ಆಯಿತು. ಫೋಮ್ ಬಾಗುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ನಡುಮೈ ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಆ ವ್ಯತ್ಯಾಸದ ಅರ್ಧ, ಅಂದರೆ ಸುಮಾರು 1.5 ಸೆಂ.ಮೀ. ಸೇರಿಸಿ ಕತ್ತರಿಸಬೇಕಾದದ್ದು 29.5 ಸೆಂ.ಮೀ. ಇದನ್ನು ಬಿಟ್ಟು 26ಕ್ಕೇ ಕತ್ತರಿಸಿದವರ ಕವಚ ಕೈಯನ್ನು ಹಿಡಿದು ಹಿಂಡುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಇನ್ನೊಂದು ಸಂಗತಿ: ಮಣಿಕಟ್ಟು ಸಣ್ಣದು, ಅದರ ಮೂಲಕ ದಾಟಬೇಕಾದ ಅಂಗೈ ದೊಡ್ಡದು. ಕವಚದ ಒಳಬದಿಯಲ್ಲಿ ಉದ್ದಕ್ಕೆ ಒಂದು ಸೀಳು ಬಿಟ್ಟು ಅಲ್ಲಿ ವೆಲ್ಕ್ರೋ ಹಾಕದಿದ್ದರೆ ಕೈ ಒಳಗೇ ಹೋಗದು.

ಪ್ಯಾಟರ್ನನ್ನು ಫೋಮಿನ ಮೇಲಿಟ್ಟು ಗುರುತು ಮಾಡುವಾಗ ಪ್ರತಿ ಜೋಡಣೆಯ ಗೆರೆಗೂ ಅಡ್ಡಡ್ಡ ಕಿರು ಗೆರೆಗಳನ್ನು ಹಾಕಿಕೊಳ್ಳಿ. ಎರಡು ತುಂಡುಗಳ ಗೆರೆಗಳು ಒಂದಕ್ಕೊಂದು ಕೂಡಿದರೆ ಜೋಡಣೆ ಸರಿ. ದರ್ಜಿಗಳು ಬಟ್ಟೆಗೆ ಕಚ್ಚು ಹಾಕುವುದೂ ಇದಕ್ಕೇ. ‘ಎಡ’, ‘ಬಲ’, ‘ಮೇಲೆ’ ಎಂದು ಪ್ರತಿ ತುಂಡಿನ ಹಿಂಬದಿಗೆ ಬರೆಯಿರಿ. ಬಲಗೈಗೆ ಪ್ಯಾಟರ್ನನ್ನು ಮಗುಚಿ ಹಾಕಬೇಕು. ಮಗುಚದೆ ಎರಡು ಎಡಗೈ ಮಾಡಿಟ್ಟುಕೊಳ್ಳುವುದು ಈ ಕೆಲಸದಲ್ಲಿ ಬಹಳ ಸಾಮಾನ್ಯ.

ಕತ್ತರಿಸಲು ಸ್ಟೇಷನರಿ ಅಂಗಡಿಯ ಕಟ್ಟರ್ ಸಾಕು, ಬ್ಲೇಡು ಮಾತ್ರ ಹರಿತವಿರಬೇಕು. ಮೊಂಡಾದ ಬ್ಲೇಡು ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಅಂಚು ದನ ಮೇದಂತೆ ಆಗಿದ್ದರೆ ತುದಿ ಮುರಿದು ಹೊಸ ಭಾಗ ಹೊರತನ್ನಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸದೆ, ಒಂದೇ ದಿಕ್ಕಿಗೆ ಉದ್ದಕ್ಕೆ ಎಳೆಯಿರಿ. ಸಪಾಟಾಗಿ ಕೂಡುವ ತುಂಡುಗಳಿಗೆ ಬ್ಲೇಡು ನೆಟ್ಟಗೆ ನಿಂತಿರಲಿ. ಮೂಲೆ ಬರಬೇಕಾದಲ್ಲಿ ಎರಡು ತುಂಡಿನ ಅಂಚನ್ನೂ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಕೂಡಿಸಿದಾಗ ಚೊಕ್ಕ ಮೂಲೆ ಸಿಗುತ್ತದೆ. ಬ್ಲೇಡು ಹೋಗುವ ದಾರಿಯಲ್ಲಿ ಬೆರಳು ಇರಕೂಡದು. ಮಕ್ಕಳು ಸೇರಿಕೊಂಡು ಮಾಡುವುದಾದರೆ ಗುರುತು ಹಾಕುವುದು, ಬಣ್ಣ ಹಚ್ಚುವುದು ಅವರ ಪಾಲಿಗಿರಲಿ, ಬ್ಲೇಡು ಮತ್ತು ಅಂಟು ದೊಡ್ಡವರ ಕೈಯಲ್ಲಿರಲಿ.

ಅಂಟಿಗೆ ಬಡಗಿಗಳು ಸನ್ಮೈಕಾ ಅಂಟಿಸಲು, ಚಪ್ಪಲಿ ಅಂಗಡಿಯವರು ಅಟ್ಟೆ ಅಂಟಿಸಲು ಬಳಸುವ ಹಳದಿ ರಬ್ಬರ್ ಅಂಟನ್ನು ಕೇಳಿ. ಫೆವಿಕಾಲ್‌ನಲ್ಲಿ ಎಸ್‌ಆರ್ ಎಂದು ಬರುವ ಬಗೆ ಇದೇ ಜಾತಿಯದು. ಬಿಳಿ ಫೆವಿಕಾಲ್ ಇದಕ್ಕೆ ಬಾರದು. ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಡಿ. ಮುಟ್ಟಿದರೆ ಬೆರಳಿಗೆ ಅಂಟು ಬರಬಾರದು, ಸ್ವಲ್ಪ ಜಿಗುಟು ಮಾತ್ರ ಇರಬೇಕು. ಈ ಹತ್ತು ನಿಮಿಷ ಕಾಯದವರೇ ಅಂಟು ಕೆಟ್ಟದೆಂದು ದೂರುತ್ತಾರೆ. ಒಣಗಿದ ಮೇಲೆ ಕಿರು ಗೆರೆಗಳನ್ನು ನೋಡಿಕೊಂಡು ಒಂದು ತುದಿಯಿಂದ ಇಂಚಿಂಚಾಗಿ ಒತ್ತುತ್ತ ಬನ್ನಿ. ಒಮ್ಮೆ ಕೂಡಿದ್ದನ್ನು ಸರಿಸಲು ಬರುವುದಿಲ್ಲ. ಈ ಅಂಟಿನ ಆವಿ ತಲೆಗೇರುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅಡುಗೆಮನೆಯಲ್ಲಿ, ದೇವರ ದೀಪ ಉರಿಯುವ ಕಡೆ ಮಾಡಲೇಬೇಡಿ. ಮಹಡಿಯ ಮೇಲೆ, ಬಯಲಲ್ಲಿ ಮಾಡಿ. ಬಟ್ಟೆಯ ಮಾಸ್ಕಾಗಲಿ ಧೂಳಿನ ಮಾಸ್ಕಾಗಲಿ ಈ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕನ್ನೇ ತೊಡಬೇಕು. ಕವಚಕ್ಕೆ ಇಡುವ ದುಡ್ಡಿನಲ್ಲಿ ಮೊದಲ ಪಾಲು ಈ ಮಾಸ್ಕಿಗೆ ಹೋಗಲಿ.

ಹೀಟ್ ಗನ್ ಕೈಗೆ ಬಂದ ದಿನ ಕಲಿಯುವವರ ಮುಖ ಅರಳುತ್ತದೆ, ಅದನ್ನು ನೋಡುವುದು ನನಗೂ ಸಂತೋಷ. ಫೋಮಿನ ಮೇಲೆ ಬಿಸಿಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹೋಗಿ. ಮಂಕಾಗಿದ್ದ ಮೈ ಕೆಲವು ಸೆಕೆಂಡಿನಲ್ಲಿ ಸಣ್ಣಗೆ ಮಿನುಗುತ್ತದೆ. ತೆರೆದ ರಂಧ್ರಗಳು ಮುಚ್ಚಿಕೊಂಡವು ಎಂಬುದರ ಗುರುತು ಅದು. ಆಗ ಅದನ್ನು ದೊಡ್ಡ ನೀರಿನ ಬಾಟಲಿಗೆ ಸುತ್ತಿ, ತಣ್ಣಗಾಗುವವರೆಗೆ ಹಿಡಿದುಕೊಂಡರೆ ಬಾಗಿದ ರೂಪ ಹಾಗೇ ನಿಲ್ಲುತ್ತದೆ. ಬಗ್ಗಿಸುವ ಕೆಲಸ ಅಂಟಿಸುವ ಮೊದಲೇ ಆಗಿರಬೇಕು, ಇಲ್ಲದಿದ್ದರೆ ಜೋಡಣೆಯ ಮೇಲೆ ಎಳೆತ ಬಿದ್ದು ದಿನ ಕಳೆದಂತೆ ಬಾಯಿ ಬಿಡುತ್ತದೆ.

ಐರನ್ ಮ್ಯಾನ್ ಕವಚಕ್ಕೆ ಜೀವ ಕೊಡುವುದು ಅದರ ಮೈಮೇಲಿನ ಗೆರೆಗಳು, ತಗಡು ತಗಡನ್ನು ಸೇರಿಸಿದಂತೆ ಕಾಣುವ ಸಂದುಗಳು. ಇವನ್ನು ತುಂಡು ತುಂಡಾಗಿ ಅಂಟಿಸಬೇಕಾಗಿಲ್ಲ. ಫೋಮಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಸ್ಕೇಲ್ ಹಿಡಿದು, ದಪ್ಪದ ಅರ್ಧದಷ್ಟು ಆಳಕ್ಕೆ ಮಾತ್ರ ಬ್ಲೇಡು ಇಳಿಸಿ. ಈಗ ನೋಡಿದರೆ ಕೂದಲಿನಷ್ಟು ಸಣ್ಣ ಸೀಳು, ಕಂಡೂ ಕಾಣದ ಹಾಗೆ. ಅದರ ಮೇಲೆ ಹೀಟ್ ಗನ್ ಹಾಯಿಸಿದ ಕೂಡಲೇ ಸೀಳಿನ ಎರಡು ದಡಗಳು ತಾವಾಗಿ ಹಿಂದೆ ಸರಿದು, ನಡುವೆ ಚೊಕ್ಕವಾದ ಕಾಲುವೆ ತೆರೆದುಕೊಳ್ಳುತ್ತದೆ. ಬ್ಲೇಡಿನ ಆಳ ಹೆಚ್ಚಿದ್ದಷ್ಟೂ ಕಾಲುವೆ ಅಗಲ. ಇದನ್ನು ಬೇಡದ ಚೂರುಗಳ ಮೇಲೆ ಮಾಡಿ ಮಾಡಿ ಕೈ ಪಳಗಿಸಿಕೊಳ್ಳಿ. ಬಣ್ಣ ಬಿದ್ದ ಮೇಲೆ ಆ ಕಾಲುವೆಯಲ್ಲಿ ನಿಲ್ಲುವ ಕಪ್ಪು, ಇದು ಫೋಮ್ ಎಂಬುದನ್ನೇ ಮರೆಸಿಬಿಡುತ್ತದೆ.

ಮುಂಗೈ ಒಂದು ಹದಕ್ಕೆ ಬಂತು ಎನ್ನಿಸಿದಾಗ ಉಳಿದ ಮೈಗೆ ಹೋಗಿ. ಅಲ್ಲಿ ಎದುರಾಗುವ ದೊಡ್ಡ ಪ್ರಶ್ನೆ ಕೀಲುಗಳದು. ಮನುಷ್ಯ ಮೊಣಕೈ, ಭುಜ, ಸೊಂಟ, ಮೊಣಕಾಲುಗಳಲ್ಲಿ ಬಾಗುತ್ತಾನೆ, ಕವಚ ಅಲ್ಲೆಲ್ಲ ಖಾಲಿ ಬಿಡಬೇಕು. ಆ ಖಾಲಿ ಜಾಗದಲ್ಲಿ ಕಪ್ಪು ಬಟ್ಟೆ ಕಂಡರೆ ಯಾರೂ ಕೊರತೆ ಎನ್ನುವುದಿಲ್ಲ. ತೀರಾ ಬೋಳು ಅನಿಸಿದರೆ ತೆಳು ಫೋಮಿನ ಪಟ್ಟಿಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ಇಲಾಸ್ಟಿಕ್ಕಿಗೆ ಅಂಟಿಸಿ, ಬಾಗಿದಾಗ ಅವು ಸರಿದಾಡುತ್ತವೆ. ಎದೆ-ಬೆನ್ನಿನ ಭಾರವನ್ನು ಶಾಲೆಯ ಬ್ಯಾಗಿನಂತೆ ಎರಡೂ ಭುಜ ಹೊರಲಿ. ತೊಡೆಯ ಕವಚವನ್ನು ಸೊಂಟದ ಬೆಲ್ಟಿನಿಂದ ಪಟ್ಟಿ ಇಳಿಬಿಟ್ಟು ನೇತುಹಾಕಿ, ಇಲ್ಲದಿದ್ದರೆ ನಾಲ್ಕು ಹೆಜ್ಜೆಗೆ ಮೊಣಕಾಲಿಗೆ ಇಳಿಯುತ್ತದೆ. ಕಣಕಾಲಿನದು ಬೂಟಿನ ಮೇಲೆ ಕೂರಲಿ. ಬ್ಯಾಗುಗಳಲ್ಲಿ ಬರುವ, ಟಕ್ ಎಂದು ಕೂಡುವ ಪ್ಲಾಸ್ಟಿಕ್ ಬಕಲ್‌ಗಳೇ ಇಲ್ಲೆಲ್ಲ ಒಳ್ಳೆಯವು. ವೆಲ್ಕ್ರೋ ಅನ್ನು ಬರೀ ಅಂಟಿನಲ್ಲಿ ಕೂರಿಸಿದರೆ ಎಳೆತಕ್ಕೆ ಕಿತ್ತು ಬರುತ್ತದೆ, ಪಟ್ಟಿಗೆ ಹೊಲಿದು ಪಟ್ಟಿಯನ್ನು ಅಗಲವಾಗಿ ಅಂಟಿಸಿ. ಇವಕ್ಕೆ ಬೇಕಾದ ನೈಲಾನ್ ಪಟ್ಟಿ, ಬಕಲ್, ಇಲಾಸ್ಟಿಕ್ ಬ್ಯಾಗ್ ರಿಪೇರಿಯವರಲ್ಲೂ ಹೊಲಿಗೆ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತವೆ. ಬೆಂಗಳೂರಿನವರಾದರೆ ಚಿಕ್ಕಪೇಟೆಯಲ್ಲಿ ವಿಚಾರಿಸಬಹುದು, ದೀಪ, ಸ್ವಿಚ್ಚು, ಪುಟ್ಟ ಫ್ಯಾನುಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಹೆಲ್ಮೆಟ್ಟಿನ ಬಗ್ಗೆ ನನ್ನದು ಒಂದೇ ಕಟ್ಟುನಿಟ್ಟು: ಯಾರ ಸಹಾಯವೂ ಇಲ್ಲದೆ, ಕೈಗವಸು ತೊಟ್ಟ ನಿಮ್ಮದೇ ಕೈಯಿಂದ, ತಕ್ಷಣ ತೆಗೆಯಲು ಬರಬೇಕು. ಮುಖದ ಭಾಗವನ್ನು ಮೋಟಾರಿನಿಂದ ಎತ್ತುವ ಆಸೆ ಎರಡನೇ ಕವಚಕ್ಕಿರಲಿ. ಮೊದಲನೆಯದಕ್ಕೆ ನಾಲ್ಕು ಮೂಲೆಗೆ ಪುಟ್ಟ ಆಯಸ್ಕಾಂತ ಕೂರಿಸಿದರೆ ಎಳೆದರೆ ಬರುತ್ತದೆ, ಇಟ್ಟರೆ ಕೂರುತ್ತದೆ. ಕಣ್ಣಿನ ದೀಪ ನಿಮ್ಮ ನೋಟಕ್ಕೆ ಅಡ್ಡ ಬರಬಾರದು, ಎಲ್ಇಡಿ ಪಟ್ಟಿಯನ್ನು ಕಣ್ಣಿನ ಸೀಳಿನ ಮೇಲಂಚಿಗೆ ಹೊರಮುಖವಾಗಿ ಅಂಟಿಸಿ, ಕೆಳಗಿನ ಸಂದಿನಿಂದ ನೀವು ನೋಡಿ. ಉಸಿರಿನ ತೇವಕ್ಕೆ ಒಳಗೆ ಮಂಜು ಕಟ್ಟುತ್ತದೆ, ಹಾಗಾಗಿ ಬಾಯಿಯ ಹತ್ತಿರ ಗಾಳಿಗೆ ದಾರಿ ಬಿಟ್ಟು, 5 ವೋಲ್ಟಿನ ಸಣ್ಣ ಫ್ಯಾನ್ ಒಂದನ್ನು ಒಳಗೆ ಇಡಿ. ಫ್ಯಾನಿಗೂ ದೀಪಕ್ಕೂ ಮೊಬೈಲಿನ ಪವರ್ ಬ್ಯಾಂಕ್ ಸಾಕು. ಬಿಡಿ ಲಿಥಿಯಂ ಸೆಲ್ಲುಗಳನ್ನು ಮೈಗೆ ಕಟ್ಟಿಕೊಳ್ಳಬೇಡಿ, ವೈರಿನ ಜೋಡಣೆ ಬರಿದಾಗಿ ಬಿಡಬೇಡಿ. ಬೆವರು ಹರಿಯುವ ಜಾಗ ಅದು. ಎದೆಯ ದೀಪಕ್ಕೆ, ಅಂದರೆ ಆರ್ಕ್ ರಿಯಾಕ್ಟರಿಗೆ, ದುಂಡನೆಯ ಎಲ್ಇಡಿ ಬಳೆ, ಅದರ ಮುಂದೆ ಹಾಲುಬಣ್ಣದ ಪ್ಲಾಸ್ಟಿಕ್ ಮುಚ್ಚಳ ಇಟ್ಟರೆ ಬೆಳಕು ಚುಕ್ಕಿ ಚುಕ್ಕಿಯಾಗದೆ ಸಮನಾಗಿ ಹರಡುತ್ತದೆ.

ಬಣ್ಣದ ವಿಷಯ ಚಿಕ್ಕದು. ಫೋಮ್ ಬಾಗುತ್ತದೆ, ಆದ್ದರಿಂದ ಬಣ್ಣವೂ ಬಾಗಬೇಕು. ಪುಟ್ಟಿ, ಎನಾಮೆಲ್ ಬಳಿದರೆ ಬಿರುಕು ಖಂಡಿತ. ಮೊದಲು ಇಡೀ ಮೈಯನ್ನು ಹೀಟ್ ಗನ್ನಿನಿಂದ ಒಮ್ಮೆ ಕಾಯಿಸಿ ರಂಧ್ರ ಮುಚ್ಚಿ. ಬಿಳಿ ಫೆವಿಕಾಲಿಗೆ ಈಗ ಕೆಲಸ ಬಂತು: ನೀರು ಬೆರೆಸಿ ತೆಳುವಾಗಿ ಮೂರ್ನಾಲ್ಕು ಸಲ, ಪ್ರತಿಸಲವೂ ಒಣಗಿಸಿ ಹಚ್ಚಿ. ಅದರ ಮೇಲೆ ಕಪ್ಪು ಅಕ್ರಿಲಿಕ್, ಕಪ್ಪಿನ ಮೇಲೆ ಬೆಳ್ಳಿ ಬಣ್ಣ. ಲೋಹದ ಬಣ್ಣಗಳಿಗೆ ಕೆಳಗೆ ಕಪ್ಪಿದ್ದರೇ ಗಾಂಭೀರ್ಯ. ಮಾರ್ಕ್ 1 ಮಾಡುತ್ತಿದ್ದರೆ ಕೊನೆಗೆ ನೀರುನೀರಾದ ಕಂದು-ಕಪ್ಪು ಬಣ್ಣ ಬಳಿದು ತಕ್ಷಣ ಬಟ್ಟೆಯಿಂದ ಒರೆಸಿ, ಸಂದುಗಳಲ್ಲಿ ಉಳಿದದ್ದು ವರ್ಷಗಳ ಕೊಳೆಯಂತೆ ಕಾಣುತ್ತದೆ. ಮಳೆಗಾಲದಲ್ಲಿ ಒಣಗಲು ದುಪ್ಪಟ್ಟು ಸಮಯ ಕೊಡಿ. ಸಮಾವೇಶದ ಹಿಂದಿನ ರಾತ್ರಿ ಹಚ್ಚಿದ ಬಣ್ಣ ಮರುದಿನ ನಿಮ್ಮ ಜೊತೆ ಫೋಟೊ ತೆಗೆಸಿಕೊಂಡವರ ಅಂಗಿಯ ಮೇಲಿರುತ್ತದೆ.

ಈಗ ತೊಡುವ ಮಾತು. ಕಟ್ಟಿದ ಮೇಲೆ ಸಮಾವೇಶಕ್ಕೆ ಮೊದಲು ಮನೆಯಲ್ಲಿ ಪೂರ್ತಿ ತೊಟ್ಟು ಎರಡು ಗಂಟೆ ಇರಿ. ಮೆಟ್ಟಿಲು ಹತ್ತಿ ಇಳಿಯಿರಿ, ಕುರ್ಚಿಯಲ್ಲಿ ಕೂತು ಏಳಿ, ಬಿದ್ದ ಕೀಲಿಕೈ ಎತ್ತಿ, ಶೌಚಾಲಯಕ್ಕೆ ಹೋಗಿ ಬನ್ನಿ. ಕೊನೆಯದನ್ನು ಹೇಳಲು ಯಾರೂ ಸಂಕೋಚಪಡಬಾರದು. ಸೊಂಟದ ಭಾಗ ಬಿಚ್ಚಲು ಕಾಲು ಗಂಟೆ ಹಿಡಿಯುತ್ತದೆಂದು ನೀರನ್ನೇ ಕುಡಿಯದೆ ಇರುವವರಿದ್ದಾರೆ. ಅದು ಅಪಾಯ. ಫೋಮ್ ಶಾಖವನ್ನು ಹೊರಗೆ ಬಿಡದ ವಸ್ತು. ಅದರೊಳಗೆ ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಒಳಗೆ ಮೈಗಂಟುವ, ಬೇಗ ಒಣಗುವ ಆಟದ ಬಟ್ಟೆ ತೊಡಿ. ಬಾಯಾರಿಕೆಗೆ ಕಾಯದೆ ಸ್ಟ್ರಾ ಹಾಕಿ ಆಗಾಗ ನೀರು ಕುಡಿಯಿರಿ, ನಡುನಡುವೆ ಓಆರ್‌ಎಸ್ ಇರಲಿ. ತಾಸಿಗೊಮ್ಮೆಯಾದರೂ ಹೆಲ್ಮೆಟ್ ತೆಗೆದು ಎದೆಯ ಬಕಲ್ ಬಿಚ್ಚಿ ಕೂರಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಫೋಟೊಗೆ ಕಾದಿರುವವರನ್ನು ನೋಡಬೇಡಿ. ಅಲ್ಲೇ ಎಲ್ಲ ಬಿಚ್ಚಿ, ನೆರಳಿಗೆ ಬಂದು, ಕತ್ತು ಕಂಕುಳಿಗೆ ಒದ್ದೆ ಬಟ್ಟೆ ಹಾಕಿಸಿಕೊಳ್ಳಿ. ಮಾತು ತೊದಲಿದರೆ, ಮಂಪರು ಬಂದರೆ ವೈದ್ಯರನ್ನು ಕರೆಯಬೇಕು.

ಒಬ್ಬರೇ ಹೋಗಬೇಡಿ. ಜೊತೆಗೊಬ್ಬ ಗೆಳೆಯ, ಗೆಳತಿ, ಅಣ್ಣ, ತಂಗಿ ಯಾರಾದರೂ ಸಾಮಾನ್ಯ ಬಟ್ಟೆಯಲ್ಲಿ ಇರಲೇಬೇಕು. ಹೆಲ್ಮೆಟ್ಟಿನ ಒಳಗಿಂದ ಅಕ್ಕಪಕ್ಕ ಕಾಣುವುದಿಲ್ಲ, ಕಾಲ ಬುಡ ಕಾಣುವುದಿಲ್ಲ, ಕಿವಿಯೂ ಅರ್ಧ ಮುಚ್ಚಿರುತ್ತದೆ. ಇಂಥ ಕಡೆ ನಿಮ್ಮನ್ನು ನೋಡಿ ಮೊದಲು ಓಡಿಬರುವವರು ಮಕ್ಕಳು. ನಾಲ್ಕು ವರ್ಷದ ಮಗು ನಿಮ್ಮ ಮೊಣಕಾಲಿನ ಎದುರು ಬಂದು ನಿಂತಿದ್ದರೆ ನಿಮಗೆ ಅದು ಇರುವುದೇ ತಿಳಿಯದು. ತಿರುಗುವಾಗ, ಹೆಜ್ಜೆ ಇಡುವಾಗ ಜೊತೆಗಾರರ ಮಾತೇ ನಿಮ್ಮ ಕಣ್ಣು. ಅವರ ಬ್ಯಾಗಿನಲ್ಲಿ ನೀರು, ಫೆವಿಕ್ವಿಕ್, ಗಟ್ಟಿ ಟೇಪು, ಸೇಫ್ಟಿ ಪಿನ್ನು, ಕತ್ತರಿ, ಒಂದೆರಡು ಬಕಲ್, ಇನ್ನೊಂದು ಪವರ್ ಬ್ಯಾಂಕ್ ಇರಲಿ. ಹಾಗೆಯೇ ಹೋಗುವ ಮೊದಲು ಸಮಾವೇಶದ ನಿಯಮಗಳನ್ನು ಓದಿ. ಕೈಯಲ್ಲಿ ಹಿಡಿಯುವ ಆಯುಧಗಳನ್ನು ಬಾಗಿಲಲ್ಲಿ ತಪಾಸಣೆ ಮಾಡುವುದು ಬಹುತೇಕ ಎಲ್ಲ ಕಡೆ ಇದೆ. ಲೋಹದ, ಹರಿತವಾದ ಯಾವುದನ್ನೂ ಒಯ್ಯಬೇಡಿ. ಬಸ್ಸು, ಮೆಟ್ರೊದಲ್ಲಿ ತೊಟ್ಟುಕೊಂಡು ಹೋಗುವುದಕ್ಕಿಂತ ಚೀಲದಲ್ಲಿ ಒಯ್ದು ಅಲ್ಲೇ ತೊಡುವುದು ನಿಮಗೂ ಸುಖ, ಸಹಪ್ರಯಾಣಿಕರಿಗೂ ಸುಖ.

ನೋಡಲು ಬರುವವರಿಗೂ ಒಂದು ಮಾತು ಹೇಳಲೇಬೇಕು. ವೇಷ ತೊಟ್ಟವರು ಪ್ರದರ್ಶನದ ಗೊಂಬೆಗಳಲ್ಲ. ವೇಷ ತೊಟ್ಟ ಮಾತ್ರಕ್ಕೆ ಮುಟ್ಟಲು ಒಪ್ಪಿಗೆ ಕೊಟ್ಟಂತಲ್ಲ ಎಂದು ನ್ಯೂಯಾರ್ಕ್ ಕಾಮಿಕ್ ಕಾನ್‌ನಲ್ಲಿ 2014ರಲ್ಲಿ ಫಲಕಗಳನ್ನೇ ನಿಲ್ಲಿಸಬೇಕಾಯಿತು. ಹೆಣ್ಣುಮಕ್ಕಳು ಅನುಭವಿಸಿದ ಕಿರುಕುಳ ಅದರ ಹಿಂದಿತ್ತು. ಫೋಟೊ ತೆಗೆಯುವ ಮೊದಲು ಕೇಳಿ. ಹೆಗಲ ಮೇಲೆ ಕೈ ಹಾಕುವ ಮೊದಲು ಕೇಳಿ. ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಕವಚವನ್ನು ಬೆರಳಿನಿಂದ ತಟ್ಟಿ ನೋಡುವುದು, ಬಾಗಿಸಿ ನೋಡುವುದು ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಕ್ಷಣದಲ್ಲಿ ಕೆಡಿಸಬಲ್ಲದು. ಹೇಗೆ ಮಾಡಿದಿರಿ ಎಂದು ಬಾಯಿಬಿಟ್ಟು ಕೇಳಿದರೆ ಸಂತೋಷದಿಂದ ಬಿಚ್ಚಿ ತೋರಿಸುವವರೇ ಹೆಚ್ಚು.

ಮನೆಗೆ ಬಂದ ಮೇಲೆ ಎಷ್ಟೇ ದಣಿದಿದ್ದರೂ ಕವಚವನ್ನು ಚೀಲದಲ್ಲೇ ಬಿಟ್ಟು ಮಲಗಬೇಡಿ. ಒಳಮೈಯನ್ನು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಹರಡಿ ಒಣಗಿಸಿ. ಬಿಸಿಲಿಗೆ ಹಾಕಬಾರದು, ಫೋಮ್ ಸುಕ್ಕುಗಟ್ಟುತ್ತದೆ, ಅಂಟು ಬಿಡುತ್ತದೆ. ಒಂದರ ಮೇಲೊಂದು ಹೇರಿ ಇಟ್ಟರೆ ಕೆಳಗಿನದು ಚಪ್ಪಟೆಯಾಗುತ್ತದೆ. ಎದೆಯ ಭಾಗದೊಳಗೆ ಹಳೆಯ ಬಟ್ಟೆ ತುಂಬಿ ನೆಟ್ಟಗೆ ನಿಲ್ಲಿಸಿ. ಪವರ್ ಬ್ಯಾಂಕನ್ನು ಕವಚದಿಂದ ಬಿಡಿಸಿ ಬೇರೆ ಇಡಿ. ಕಾಗದದ ಪ್ಯಾಟರ್ನುಗಳನ್ನು ಮಾತ್ರ ಎಸೆಯಬೇಡಿ. ಪ್ರತಿಯೊಂದರ ಮೇಲೂ ಅಳತೆ, ಬಳಸಿದ ಫೋಮಿನ ದಪ್ಪ, ಮುಂದಿನ ಸಲ ತಿದ್ದಬೇಕಾದದ್ದನ್ನು ಬರೆದು ಒಂದು ಕವರಿನಲ್ಲಿ ಇಡಿ. ಸಮಾವೇಶದಲ್ಲಿ ಯಾರೋ ಒಬ್ಬ ಹುಡುಗನೋ ಹುಡುಗಿಯೋ ಇದನ್ನು ನಾನೂ ಮಾಡಬಹುದೇ ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ಮುಂಗೈಯ ಪ್ಯಾಟರ್ನಿನ ಒಂದು ಪ್ರತಿ ತೆಗೆದುಕೊಡಿ, ಅಂಟು ಹಚ್ಚಿ ಹತ್ತು ನಿಮಿಷ ಕಾಯಲು ಮರೆಯದೆ ಹೇಳಿ.